ಕರೆಂಟ್ ಹೋದ್ರ ಬಾಗಿಲು ತೆರೀಬೇಕೋ, ಮುಚ್ಚಬೇಕೋ? ಡೋರ್ ಟೆಕ್ನಿಷಿಯನ್ ಕೆಲಸದ ಒಳಗುಟ್ಟು

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಮಾತನ್ನು ತಿದ್ದಲಾಗಿದೆ.)

 

ಇವತ್ತಿನ ವಿಷಯ ಬಾಗಿಲು. ನಗಬ್ಯಾಡ್ರಿ. ನಮ್ಮ ಕಡೆ ಬೀಗಕ್ಕ ಕೀಲಿ ಅಂತೀವಿ, ಅದನ್ನ ತೆಗೆಯೋದಕ್ಕ ಕೀಲಿಕೈ ಅಂತೀವಿ. ಈಗ ಕೀಲಿಯೂ ಕಾಣದ, ಕೀಲಿಕೈಯೂ ಇಲ್ಲದ ಬಾಗಿಲು ನಮ್ಮೂರಿಗೂ ಬಂದಾವ. ಬ್ಯಾಂಕ್, ಸೊಸೈಟಿ, ಆಸ್ಪತ್ರೆ, ಚಿನ್ನದ ಅಂಗಡಿ, ಕೋಚಿಂಗ್ ಸೆಂಟರ್, ಎಲ್ಲಿ ನೋಡಿದರೂ ಗೋಡೆ ಮ್ಯಾಲೆ ಒಂದು ಸಣ್ಣ ಡಬ್ಬಿ. ಕಾರ್ಡ್ ತೋರಿಸ್ರಿ ಅಥವಾ ಬೆರಳು ಇಡ್ರಿ, "ಪೀಂ" ಅಂತದ, ಬಾಗಿಲು ತೆರೀತದ.

ಅದನ್ನ ಕೂಡಿಸೋರು ಯಾರು? ಕೆಟ್ಟಾಗ ಬರೋರು ಯಾರು? ಆ ಕೆಲಸಕ್ಕೆ ಆಕ್ಸೆಸ್ ಕಂಟ್ರೋಲ್ ಟೆಕ್ನಿಷಿಯನ್ ಅನ್ನೋ ಉದ್ದ ಹೆಸರೈತಿ. ಗದಗ-ಬೆಟಗೇರಿಯೊಳಗ ಅವರನ್ನ "ಸಿಸಿ ಕ್ಯಾಮೆರಾದವ್ರು" ಅಂತ ಕರೀತಾರ, ಯಾಕಂದ್ರ ಬಹಳ ಸಲ ಎರಡೂ ಕೆಲಸ ಒಬ್ಬರೇ ಮಾಡ್ತಾರ. ನಾನು ಬಿ.ಕಾಂ. ಓದಿದವ, ವೈರಿಂಗ್ ಓದಿದವ ಅಲ್ಲ. ಆದ್ರ ಈ ಕೆಲಸವನ್ನ ಹತ್ತಿರದಿಂದ ನೋಡಿದ ಮ್ಯಾಲೆ ಒಂದು ಮಾತು ತಲ್ಯಾಗ ಕುಂತೈತಿ: ಬಾಗಿಲು ಮುಚ್ಚಿಸೋದು ಸುಲಭ. ತೆರೀಬೇಕಾದ ಹೊತ್ತಿಗೆ ಅದು ತೆರೀಬೇಕು, ಈ ಕೆಲಸದ ತಿರುಳು ಅಲ್ಲೈತಿ.

ಕಾಣದ ಕೀಲಿ ಹೆಂಗ ಹಿಡೀತದ?

ಒಂದು ಬಾಗಿಲನ್ನ ಕಣ್ಣಮುಂದ ತಂದುಕೊಳ್ರಿ. ಅದರ ಸುತ್ತ ನಾಲ್ಕು ಭಾಗ ಇರುತ್ತವೆ. ಒಂದು, ಹೊರಗಿನ ರೀಡರ್. ಕಾರ್ಡ್ ಅಥವಾ ಬೆರಳನ್ನು ಓದುವುದು ಇದೇ. ಎರಡು, ಕಂಟ್ರೋಲರ್. "ಇವರನ್ನ ಬಿಡಬೇಕೋ ಬ್ಯಾಡೋ" ಅಂತ ನಿರ್ಧಾರ ಮಾಡುವ ಮಿದುಳು. ಮೂರು, ಬಾಗಿಲನ್ನು ಹಿಡಿಯುವ ಲಾಕ್. ನಾಲ್ಕು, ಇವಕ್ಕೆಲ್ಲ 12 ವೋಲ್ಟ್ ಕೊಡುವ ಪವರ್ ಸಪ್ಲೈ ಮತ್ತು ಬ್ಯಾಟರಿ.

ನಮ್ಮ ಕಡೆ ಹೆಚ್ಚು ಕಾಣುವ ಲಾಕ್ ಅಂದ್ರ ಇಎಂ ಲಾಕ್, ಅಂದರೆ ವಿದ್ಯುತ್ ಅಯಸ್ಕಾಂತ. ಚೌಕಟ್ಟಿನ ಮೇಲ್ಭಾಗದಲ್ಲಿ ಒಂದು ಉದ್ದನೆ ಮ್ಯಾಗ್ನೆಟ್, ಬಾಗಿಲಿನ ಮೇಲೆ ಒಂದು ಕಬ್ಬಿಣದ ಪಟ್ಟಿ. ಕರೆಂಟ್ ಹರಿಯುವಷ್ಟು ಹೊತ್ತು ಎರಡೂ ಅಂಟಿಕೊಂಡಿರುತ್ತವೆ. ಸಾಮಾನ್ಯ 600 ಪೌಂಡ್ ಲಾಕ್ ಹಿಡಿಯುವ ಬಲ ಸುಮಾರು 270 ಕೆ.ಜಿ. ನಮ್ಮ ಎಪಿಎಂಸಿ ಭಾಷೆಯಲ್ಲಿ ಹೇಳೋದಾದ್ರ ಎರಡೂವರೆ ಕ್ವಿಂಟಲ್‌ಗಿಂತ ಹೆಚ್ಚು. ಇಷ್ಟು ಬಲಕ್ಕೆ ಅದು ಎಳೆಯುವ ಕರೆಂಟ್ ಮಾತ್ರ ಸುಮಾರು ಅರ್ಧ ಆಂಪಿಯರ್.

ಇಲ್ಲೊಂದು ಕೈಚಳಕ ಐತಿ. ಬಾಗಿಲಿನ ಮೇಲಿನ ಕಬ್ಬಿಣದ ಪಟ್ಟಿಯನ್ನು ಅಲುಗಾಡದಂತೆ ಬಿಗಿ ಮಾಡಬಾರದು. ಹಿಂದೆ ರಬ್ಬರ್ ವಾಷರ್ ಹಾಕಿ, ಪಟ್ಟಿ ಸ್ವಲ್ಪ ಆಡುವಂತೆ ಬಿಡಬೇಕು. ಆಗ ಅದು ತಾನಾಗಿಯೇ ಮ್ಯಾಗ್ನೆಟ್‌ಗೆ ಸರಿಯಾಗಿ ಕೂಡುತ್ತದೆ. ಬಿಗಿ ಮಾಡಿದರೆ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ, ಅಷ್ಟಕ್ಕೇ ಹಿಡಿತ ಬಿದ್ದುಹೋಗುತ್ತದೆ. ನಮ್ಮ ಸೀಮೆ ಗಾಳಿಗೆ ಹೆಸರಾದದ್ದು, ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಸುಮ್ಮನೆ ನಿಂತಿಲ್ಲ. ಆ ಗಾಳಿ ತರೋ ಧೂಳು ಎರಡು ಪಟ್ಟಿಗಳ ನಡುವೆ ಕೂತರೂ ಅದೇ ಕಥೆ. ಅದಕ್ಕೇ ಸರ್ವಿಸ್‌ಗೆ ಬಂದವರು ಮೊದಲು ಮಾಡುವ ಕೆಲಸ ಒಣ ಬಟ್ಟೆಯಿಂದ ಮ್ಯಾಗ್ನೆಟ್ ಒರೆಸುವುದು.

ಕರೆಂಟ್ ಹೋದ ಕ್ಷಣ

ಈಗ ಹೆಸ್ಕಾಂ ಲೈನ್ ಹೋಯ್ತು ಅಂತ ಇಟ್ಕೊಳ್ರಿ. ಬಾಗಿಲು ಏನು ಮಾಡಬೇಕು?

ಇದಕ್ಕ ಎರಡು ಉತ್ತರ ಅದಾವ. ಮೊದಲನೆಯದು ಫೇಲ್ ಸೇಫ್: ಕರೆಂಟ್ ಹೋದರೆ ಬಾಗಿಲು ತೆರೆಯುತ್ತದೆ. ಇಎಂ ಲಾಕ್ ಹುಟ್ಟಿನಿಂದಲೇ ಈ ಜಾತಿ, ಕರೆಂಟ್ ಇಲ್ಲದಿದ್ದರೆ ಅದು ಬರೀ ಕಬ್ಬಿಣ. ಎರಡನೆಯದು ಫೇಲ್ ಸೆಕ್ಯೂರ್: ಕರೆಂಟ್ ಹೋದರೂ ಬಾಗಿಲು ಹೊರಗಿನಿಂದ ಮುಚ್ಚಿಯೇ ಇರುತ್ತದೆ. ಎಲೆಕ್ಟ್ರಿಕ್ ಸ್ಟ್ರೈಕ್ ಅನ್ನೋ ಲಾಕ್ ಹೆಚ್ಚಾಗಿ ಹೀಗಿರುತ್ತದೆ. ಆದರೆ ಅಲ್ಲಿ ಒಳಗಿನವರು ಹಿಡಿಕೆ ತಿರುಗಿಸಿದರೆ ಸಾಕು, ಕರೆಂಟಿನ ಹಂಗಿಲ್ಲದೆ ಹೊರಗೆ ಬರಬಹುದು. ಗಾಜಿನ ಬಾಗಿಲಿಗೆ ಹಾಕುವ ಡ್ರಾಪ್ ಬೋಲ್ಟ್ ಎರಡೂ ರೀತಿಯಲ್ಲಿ ಸಿಗುತ್ತದೆ. ಡಬ್ಬಿ ನೋಡಲು ಒಂದೇ ತರ, ಒಳಗಿನ ಸ್ವಭಾವ ಬೇರೆ. ಕೊಳ್ಳುವಾಗ ಕೇಳದೆ ತಂದರೆ ಅಲ್ಲೇ ಅಪಾಯ.

ಮಾಲೀಕರು ಹೇಳೋದು ಸಾಮಾನ್ಯವಾಗಿ ಒಂದೇ ಮಾತು: "ಕರೆಂಟ್ ಹೋದ್ರ ಬಾಗಿಲು ತೆರೀಬಾರದು ನೋಡಪಾ." ಅವರ ಕಾಳಜಿ ಕಳ್ಳತನದ್ದು, ತಪ್ಪಲ್ಲ. ಅದಕ್ಕೆ ಉತ್ತರ ಬ್ಯಾಟರಿ. ಲೆಕ್ಕ ಹಿಂಗೈತಿ: ಲಾಕ್ ಅರ್ಧ ಆಂಪಿಯರ್, ರೀಡರ್ ಮತ್ತು ಕಂಟ್ರೋಲರ್ ಸೇರಿ ಇನ್ನೊಂದು 0.2 ಆಂಪಿಯರ್, ಒಟ್ಟು 0.7. ಸಾಮಾನ್ಯವಾಗಿ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯನ್ನು ಇದರಿಂದ ಭಾಗಿಸಿದರೆ 10 ಗಂಟೆ. ಇದು ಕಾಗದದ ಲೆಕ್ಕ. ನಮ್ಮ ಬ್ಯಾಸಿಗಿ ಬಿಸಿಲಿಗೆ, ತಗಡಿನ ಡಬ್ಬಿಯೊಳಗೆ ಎರಡು-ಮೂರು ವರ್ಷ ಕುದ್ದ ಬ್ಯಾಟರಿ ಅಷ್ಟು ಹೊತ್ತು ನಿಲ್ಲೋದಿಲ್ಲ. ಒಳ್ಳೆ ಟೆಕ್ನಿಷಿಯನ್ ಮೇನ್ಸ್ ಆಫ್ ಮಾಡಿ, ಬ್ಯಾಟರಿ ಎಷ್ಟು ಹೊತ್ತು ತಡೀತು ಅಂತ ನೋಡಿ ಬರೆದಿಡುತ್ತಾರೆ.

ರಾತ್ರಿ ಕಾವಲಿಗೆ ಇಎಂ ಲಾಕ್ ಒಂದನ್ನೇ ನಂಬಬಾರದು ಅನ್ನೋದಕ್ಕೂ ಇದೇ ಕಾರಣ. ಅದು ಹಗಲಿನ ಕೀಲಿ. ರಾತ್ರಿಗೆ ನಮ್ಮ ಹಳೇ ಶಟರ್ ಮತ್ತು ಹಿತ್ತಾಳೆ ಕೀಲಿಯೇ ಬೇಕು.

ಒಳಗಿದ್ದವರ ಪ್ರಶ್ನೆ

ಇಷ್ಟೊತ್ತು ಹೊರಗಿನಿಂದ ಬರುವವರ ಬಗ್ಗೆ ಮಾತಾಡಿದ್ವಿ. ಈಗ ಬಾಗಿಲಿನ ಆ ಕಡೆ ಹೋಗೋಣ. ಒಳಗೆ ಜನ ಅದಾರ, ಹೊಗೆ ಬರಾಕತ್ತೈತಿ. ಆಗೇನು?

ನಮ್ಮ ರಾಜ್ಯದಲ್ಲೇ ಇದಕ್ಕೆ ಉದಾಹರಣೆ ಇದೆ. 2010ರ ಫೆಬ್ರವರಿ 23, ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಕಚೇರಿಗಳೇ ತುಂಬಿದ್ದ ಆ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು, ಮೇಲಿನ ಮಹಡಿಗಳಿಗೆ ಹೊಗೆ ತುಂಬಿತು. ಹೊರಗೆ ಬರುವ ದಾರಿ ಸಿಗದೆ ಕೆಲವರು ಕಿಟಕಿ ಗಾಜು ಒಡೆದು ಕೆಳಗೆ ಹಾರಿದರು. 9 ಜನ ತೀರಿಕೊಂಡರು. ತುರ್ತು ದಾರಿಯ ಬಾಗಿಲುಗಳಿಗೆ ಬೀಗ ಬಿದ್ದಿತ್ತು ಅನ್ನೋದು ಆ ದುರಂತದ ನಂತರ ಎಲ್ಲರೂ ಕೇಳಿದ ಮಾತು. ಜೀವ ಕಳಕೊಂಡವರ ಮನೆಯವರು ಸೇರಿ ಬಿಯಾಂಡ್ ಕಾರ್ಲ್‌ಟನ್ ಅನ್ನೋ ಸಂಸ್ಥೆ ಕಟ್ಟಿ, ಅಗ್ನಿ ಸುರಕ್ಷತೆ ಬಗ್ಗೆ ಕೆಲಸ ಶುರು ಮಾಡಿದರು.

ಇನ್ನೊಂದು ಘಟನೆ ನಿಮ್ಮ ವಯಸ್ಸಿನವರಿಗೆ ಇನ್ನೂ ಹತ್ತಿರದ್ದು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜೇಂದ್ರ ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ನೆಲಮಾಳಿಗೆಗೆ ಮಳೆ ನೀರು ನುಗ್ಗಿ, ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದ 3 ವಿದ್ಯಾರ್ಥಿಗಳು ತೀರಿಕೊಂಡರು. ಕರೆಂಟ್ ಹೋಗಿ ಅಲ್ಲಿನ ಬಯೋಮೆಟ್ರಿಕ್ ಗೇಟ್ ಸಿಕ್ಕಿಹಾಕಿಕೊಂಡಿತ್ತು ಅಂತ ಅಲ್ಲಿನ ವಿದ್ಯಾರ್ಥಿಗಳು ಹೇಳಿದ್ದು ಆಗಿನ ಸುದ್ದಿಗಳಲ್ಲಿ ಬಂತು. ಧಾರವಾಡದ ಸಪ್ತಾಪುರದಲ್ಲಿ, ಗದಗದಲ್ಲಿ ರೀಡಿಂಗ್ ರೂಮ್‌ಗೆ ಹೋಗಿ ಓದೋರು ಇದನ್ನ ಒಂದು ಸಲ ಯೋಚನೆ ಮಾಡ್ರಿ. ನೀವು ಕುಂತ ಕೋಣೆಯ ಬಾಗಿಲು ಯಾವ ಜಾತಿದು?

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಗ್ನಿ ಸುರಕ್ಷತೆಯ ಭಾಗದಲ್ಲಿ ಇದರ ಮೂಲ ನಿಯಮ ಸರಳವಾಗಿದೆ: ಹೊರಹೋಗುವ ಬಾಗಿಲು ಒಳಗಿದ್ದವರಿಗೆ ಕೀಲಿಕೈ ಇಲ್ಲದೆ ತೆರೆಯಬೇಕು. ಕೀಲಿಕೈ ಬೇಡ ಅಂದ ಮೇಲೆ ಕಾರ್ಡೂ ಬೇಡ, ಬೆರಳೂ ಬೇಡ ಅಂತಲೇ ಅರ್ಥ.

ಇಲ್ಲೇ ಟೆಕ್ನಿಷಿಯನ್ ಕೈ ಬೇಕಾಗೋದು. ಬಾಗಿಲ ಒಳಗಡೆ ಒಂದು ಎಕ್ಸಿಟ್ ಬಟನ್ ಇರುತ್ತದೆ, ಒತ್ತಿದರೆ ತೆರೆಯುತ್ತದೆ. ಆದರೆ ಬಹಳ ಕಡೆ ಆ ಬಟನ್ ವೈರ್ ಕಂಟ್ರೋಲರ್‌ಗೆ ಮಾತ್ರ ಹೋಗಿರುತ್ತದೆ. ನಮ್ಮ ಫೋನ್ ಹ್ಯಾಂಗ್ ಆದಂತೆ ಕಂಟ್ರೋಲರ್ ಹ್ಯಾಂಗ್ ಆದರೆ ಬಟನ್ ಒತ್ತಿದರೂ ಕೇಳೋರಿಲ್ಲ. ಅದಕ್ಕೆ ಪಕ್ಕದಲ್ಲಿ ಹಸಿರು ಬಣ್ಣದ ಇನ್ನೊಂದು ಡಬ್ಬಿ ಬೇಕು, ಬ್ರೇಕ್ ಗ್ಲಾಸ್ ಅಂತಾರೆ. ಅದರ ವೈರ್ ಯಾವ ಮಿದುಳನ್ನೂ ಕೇಳೋದಿಲ್ಲ, ಲಾಕ್‌ಗೆ ಹೋಗುವ ಕರೆಂಟನ್ನೇ ನೇರವಾಗಿ ಕತ್ತರಿಸುತ್ತದೆ. ಬ್ಯಾಟರಿ ಇದ್ದರೂ, ಸಾಫ್ಟ್‌ವೇರ್ ಕೆಟ್ಟರೂ ಬಾಗಿಲು ಬಿಡಲೇಬೇಕು. ಕಟ್ಟಡದಲ್ಲಿ ಫೈರ್ ಅಲಾರ್ಮ್ ಪ್ಯಾನಲ್ ಇದ್ದರೆ ಅದನ್ನೂ ಹೀಗೇ ಜೋಡಿಸಬೇಕು. ಅಲಾರ್ಮ್ ಹೊಡೆದ ಕೂಡಲೇ ಲಾಕ್‌ಗಳು ಬಿಡಬೇಕು.

ಇಡೀ ಕೆಲಸದ ಖರ್ಚಿನಲ್ಲಿ ಈ ಹಸಿರು ಡಬ್ಬಿ ಸಣ್ಣ ಬಾಬತ್ತು. ಕೊಟೇಶನ್ ಚೌಕಾಶಿ ಶುರುವಾದಾಗ ಮೊದಲು ಹಾರಿಹೋಗೋದೂ ಇದೇ. "ಅದ್ಯಾಕ ಬೇಕ್ರಿ, ಬಟನ್ ಐತಲ್ಲ?" ಅಂತಾರ. ಅಲ್ಲಿ "ಇಲ್ರೀ, ಇದು ಇಲ್ದ ನಾನು ಕೂಡ್ಸೋದಿಲ್ಲ" ಅನ್ನೋಕೆ ಗಟ್ಟಿ ಮನಸ್ಸು ಬೇಕು. ಪಕ್ಕದವನು ಕಡಿಮೆ ರೇಟಿಗೆ ಕೂಡಿಸಿ ಹೋಗಬಹುದು ಅಂತ ಗೊತ್ತಿದ್ದೂ ಹೇಳಬೇಕು.

ಬೆರಳು ಓದದಿದ್ರ ತಪ್ಪು ಯಾರದು?

ನ್ಯಾಯಬೆಲೆ ಅಂಗಡಿಯೊಳಗ ಅಜ್ಜಿ ಬೆರಳು ಒತ್ತಿ ಒತ್ತಿ ಸಾಕಾಗಿ, ಸೆರಗಿಗೆ ಒರೆಸಿ ಮತ್ತ ಒತ್ತೋದನ್ನ ನೀವು ನೋಡೀರಿ. ಅದೇ ಸಮಸ್ಯೆ ಹಾಜರಿ ಯಂತ್ರದಲ್ಲೂ ಐತಿ.

ಸಾಮಾನ್ಯವಾಗಿ ಯಂತ್ರ ನಿಮ್ಮ ಬೆರಳಿನ ಫೋಟೋ ಇಟ್ಟುಕೊಳ್ಳೋದಿಲ್ಲ. ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಅನ್ನೋ ಗುರುತುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಬೆಟಗೇರಿಯ ಮಗ್ಗದಲ್ಲಿ ನೂಲು ಹಿಡಿದು ಸವೆದ ಬೆರಳು, ಸಿಮೆಂಟ್ ಕಲಸಿದ ಬೆರಳು, ಶಿರಹಟ್ಟಿ ಹೊಲದಲ್ಲಿ ಕಳೆ ಕಿತ್ತ ಬೆರಳು, ಇಲ್ಲೆಲ್ಲ ಆ ಗೆರೆಗಳೇ ಅಳಿಸಿರುತ್ತವೆ. ಚಳಿಗಾಲದಲ್ಲಿ ಚರ್ಮ ಒಣಗಿದರೆ ಇನ್ನೂ ಕಷ್ಟ. ಯಂತ್ರ "ಮತ್ತೊಮ್ಮೆ ಪ್ರಯತ್ನಿಸಿ" ಅಂತದೆ, ಹಾಜರಿ ಬೀಳೋದಿಲ್ಲ, ತಿಂಗಳ ಕೊನೆಗೆ ಪಗಾರದಲ್ಲಿ ಒಂದು ದಿನ ಕಡಿತ. ದುಡಿದು ದುಡಿದು ಬೆರಳು ಸವೆದದ್ದಕ್ಕೆ ದುಡಿಮೆಯ ಲೆಕ್ಕವೇ ತಪ್ಪುವುದು ಎಂಥ ನ್ಯಾಯ?

ಇದನ್ನೂ ಟೆಕ್ನಿಷಿಯನ್ ಅರ್ಧ ಸರಿ ಮಾಡಬಲ್ಲರು. ಮೊದಲ ದಿನ ನೋಂದಣಿ ಮಾಡುವಾಗ ಅವಸರ ಮಾಡದೆ ಎರಡೂ ಕೈಯ ಎರಡು-ಮೂರು ಬೆರಳು ಸೇರಿಸಬೇಕು, ಹೆಚ್ಚು ಸವೆಯದ ಬೆರಳು ಹುಡುಕಬೇಕು. ಆಗಲೂ ಓದದವರಿಗೆ ಕಾರ್ಡ್ ಕೊಡಬೇಕು. ಉಳಿದ ಅರ್ಧ ಆಡಳಿತದ ಕೆಲಸ: ಯಂತ್ರ ಓದದ ದಿನ ಸಹಿ ಹಾಕಲು ಒಂದು ಪುಸ್ತಕ ಇಡಬೇಕು.

ಇನ್ನೊಂದು ವಿಷಯ. ಕಾರ್ಡ್ ಕಳೆದರೆ ಬೇರೆ ಕೊಡಬಹುದು, ಬೆರಳಿನ ಮಾಹಿತಿ ಸೋರಿದರೆ ಬೇರೆ ಬೆರಳು ತರೋಕಾಗಲ್ಲ. 2023ರಲ್ಲಿ ದೇಶಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಬಾಗಿಲು ಕೂಡಿಸುವವರು ತಾವು ವೈರ್ ಎಳೆಯುವವರು ಮಾತ್ರ ಅಂದುಕೊಳ್ಳುವ ಕಾಲ ಹೋಯಿತು. ಕೆಲಸ ಬಿಟ್ಟು ಹೋದವರ ಬೆರಳಿನ ಮಾಹಿತಿ ಅಳಿಸುವುದೂ ಸರ್ವಿಸ್ ಪಟ್ಟಿಯಲ್ಲಿ ಇರಬೇಕು.

ಕಾರ್ಡು, ಪಾಸ್‌ವರ್ಡು ಮತ್ತು ಕಿರ್ದಿ

ಇಲ್ಲಿಗೆ ನನ್ನ ಬಿ.ಕಾಂ. ಉಪಯೋಗಕ್ಕೆ ಬಂತು ನೋಡ್ರಿ. ಗದಗ ಹತ್ತಿರದ ಕಣಗಿನಹಾಳ ನಿಮಗೆ ಗೊತ್ತೇ ಐತಿ. 1905ರಲ್ಲಿ ಅಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಈ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆ ಅಂತ ಹೆಸರಾಗಿದೆ. ಸಹಕಾರ ಸಂಘ ಇರಲಿ, ಬ್ಯಾಂಕ್ ಇರಲಿ, ಹಣದ ಕೋಣೆಗೆ ಒಂದು ಹಳೇ ಪದ್ಧತಿ ಐತಿ: ಎರಡು ಕೀಲಿಕೈ, ಇಬ್ಬರ ಹತ್ತಿರ. ಒಬ್ಬರಿಂದಲೇ ತೆರೆಯಬಾರದು. ಯಾರು ಯಾವಾಗ ತೆಗೆದರು ಅಂತ ಪುಸ್ತಕದಲ್ಲಿ ಬರೀಬೇಕು. ಆಕ್ಸೆಸ್ ಕಂಟ್ರೋಲ್ ಅಂದ್ರ ಆ ಪದ್ಧತಿಯನ್ನೇ ಯಂತ್ರಕ್ಕೆ ಕಲಿಸಿದ್ದು.

ಯಂತ್ರದ ಲಾಗ್ ಅನ್ನೋದು ನಮ್ಮ ಕಿರ್ದಿ ಪುಸ್ತಕ ಇದ್ದಂಗ. ಆದರೆ ಮೂರು ಕಡೆ ಕಿರ್ದಿ ಸುಳ್ಳಾಗುತ್ತದೆ. ಒಂದು, ನಾಲ್ವರು ಸೇರಿ ಒಂದೇ ಕಾರ್ಡ್ ಬಳಸಿದರೆ. ಎರಡು, ಯಂತ್ರದ ಗಡಿಯಾರ ಹಿಂದೆ-ಮುಂದೆ ಆದರೆ. ಕಳವಾದದ್ದು ಸಂಜೆ 6ಕ್ಕೆ, ಲಾಗ್‌ನಲ್ಲಿ ಮಧ್ಯಾಹ್ನ 2 ಅಂತ ಇದ್ದರೆ ಅದನ್ನ ಯಾರು ನಂಬ್ತಾರ? ಮೂರು, ಕಂಪನಿಯಿಂದ ಬಂದ ಮೂಲ ಪಾಸ್‌ವರ್ಡನ್ನು ಬದಲಿಸದೇ ಬಿಟ್ಟರೆ.

ಕಾರ್ಡಿನ ಬಗ್ಗೆಯೂ ಒಂದು ಮಾತು. ಅಗ್ಗದ 125 ಕಿಲೋಹರ್ಟ್ಸ್ ಕಾರ್ಡ್ ಬರೀ ಒಂದು ನಂಬರ್ ಹೇಳುತ್ತದೆ, ಅದನ್ನು ನಕಲು ಮಾಡುವುದು ಕಷ್ಟದ ಕೆಲಸವಲ್ಲ. 13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ಕಾರ್ಡಿನ ಭದ್ರತೆಯನ್ನೂ 2008ರಲ್ಲೇ ಸಂಶೋಧಕರು ಒಡೆದು ತೋರಿಸಿದ್ದಾರೆ. ನೌಕರರು ಒಳಬರುವ ಬಾಗಿಲಿಗೆ ಇವು ನಡೀತಾವ, ಹಣದ ಕೋಣೆಗೆ ನಡೆಯೋದಿಲ್ಲ. ಅಲ್ಲಿ ಕಾರ್ಡಿನ ಜೊತೆ ಪಿನ್ ಅಥವಾ ಇನ್ನೊಬ್ಬರ ಒಪ್ಪಿಗೆ ಬೇಕು. ಹಾಗೇ ಬಾಗಿಲು ಬಿಡಿಸುವ ರಿಲೇ ಹೊರಗಿನ ರೀಡರ್ ಡಬ್ಬಿಯಲ್ಲಿ ಇರಬಾರದು, ಒಳಗಡೆ ಇರಬೇಕು. ಕೀಲಿಯನ್ನ ಮನೆ ಹೊರಗ ನೇತು ಹಾಕ್ತೀವೇನು?

ನಾಲ್ಕು ಊರು, ಒಂದು ಬೈಕು

ಈ ಕೆಲಸಕ್ಕೆ ಬರಬೇಕು ಅನ್ನೋರಿಗೆ ಈಗ ದಂಧೆಯ ಲೆಕ್ಕ.

ದಾರಿ ಸಾಮಾನ್ಯವಾಗಿ ಐಟಿಐನ ಎಲೆಕ್ಟ್ರಿಷಿಯನ್ ಅಥವಾ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಟ್ರೇಡ್, ಇಲ್ಲಾಂದ್ರ ಡಿಪ್ಲೊಮಾ. ಅದರ ಮೇಲೆ ಅನುಭವಿಗಳ ಕೈಕೆಳಗೆ ಒಂದೆರಡು ವರ್ಷ. ಮಲ್ಟಿಮೀಟರ್ ಹಿಡಿಯೋಕೆ ಬರಬೇಕು, ಬಡಿಗೇರರ ಹಾಗೆ ಬಾಗಿಲು ಇಳಿದದ್ದು ಗುರುತಿಸಬೇಕು, ಯಂತ್ರಕ್ಕೆ ಐಪಿ ವಿಳಾಸ ಕೊಡೋಕೆ ಬರಬೇಕು. ಬಾಗಿಲೇ ಸೊಟ್ಟಗಿದ್ದರೆ ಎಂಥ ಲಾಕ್ ಹಾಕಿದರೂ ನಿಲ್ಲೋದಿಲ್ಲ.

ಊರುಗಳ ದಿಕ್ಕು ನೋಡ್ರಿ. ಗದಗಿನಿಂದ ಶಿರಹಟ್ಟಿ, ಅಲ್ಲಿಂದ ಲಕ್ಷ್ಮೇಶ್ವರ ಒಂದೇ ಓಟದಾಗ ಆಗ್ತಾವ. ಮುಂಡರಗಿ ಇನ್ನೊಂದು ದಿಕ್ಕು, ಒಂದು ಕಡೆಗೇ ಹತ್ತಿರ ಹತ್ತಿರ 40 ಕಿ.ಮೀ. ಹೋಗಿ ಬಂದರೆ 80. ಬೈಕ್ ಲೀಟರಿಗೆ 40 ಕೊಟ್ಟರೆ 2 ಲೀಟರ್ ಪೆಟ್ರೋಲ್ ಮತ್ತು ಅರ್ಧ ದಿನ. ಒಂದು ಸಡಿಲ ಸ್ಕ್ರೂ ಸಲುವಾಗಿ ಮತ್ತ ಹೋಗಬೇಕಾದ್ರ ಆ ಕೆಲಸದ ಲಾಭ ದಾರಿಯಲ್ಲೇ ಸೋರಿ ಹೋಯ್ತು.

ಅದಕ್ಕೇ ಮೊದಲ ಸಲವೇ ಸರಿ ಮಾಡಬೇಕು. ವೈರಿನ ಉದಾಹರಣೆ ತಗೊಳ್ರಿ. ಪವರ್ ಸಪ್ಲೈನಿಂದ ಬಾಗಿಲಿಗೆ 50 ಮೀಟರ್ ದೂರ. 0.5 ಚದರ ಮಿ.ಮೀ. ಸಣ್ಣ ತಾಮ್ರದ ವೈರ್ ಎಳೆದರೆ, ಹೋಗಿ ಬರುವ 100 ಮೀಟರ್‌ನಲ್ಲಿ ಹತ್ತಿರ ಹತ್ತಿರ 2 ವೋಲ್ಟ್ ದಾರಿಯಲ್ಲೇ ಕಳೆದು, ಲಾಕ್‌ಗೆ 12ರ ಬದಲು 10 ಮುಟ್ಟುತ್ತದೆ. ಹಿಡಿತ ಸಡಿಲ. 1.5 ಚದರ ಮಿ.ಮೀ. ವೈರ್ ಹಾಕಿದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸು. ವೈರಿನಲ್ಲಿ ಉಳಿಸಿದ್ದು ಪೆಟ್ರೋಲಿಗೆ ಹೋಗುತ್ತದೆ.

ಆದಾಯದಲ್ಲಿ ಗಟ್ಟಿ ಭಾಗ ವಾರ್ಷಿಕ ನಿರ್ವಹಣೆ ಒಪ್ಪಂದ, ಎಎಂಸಿ. ತಿಳಿಯೋಕೆ ಒಂದು ಕಾಲ್ಪನಿಕ ಲೆಕ್ಕ: 60 ಬಾಗಿಲು, ಬಾಗಿಲಿಗೆ ವರ್ಷಕ್ಕೆ 1,500 ರೂಪಾಯಿ ಅಂದರೆ 90,000. ಇದು ಮಾರುಕಟ್ಟೆ ದರ ಅಲ್ಲ, ಲೆಕ್ಕದ ದಾರಿ ಅಷ್ಟೇ. ಹೊಸ ಕೆಲಸ ಇಲ್ಲದ ತಿಂಗಳಲ್ಲಿ ಮನೆ ನಡೆಸೋದು ಈ ಹಣ. ಆದರೆ ಅದು ಬರೀ ಬಿಲ್ ಆಗಬಾರದು: ಬ್ಯಾಟರಿ ಪರೀಕ್ಷೆ, ಬ್ರೇಕ್ ಗ್ಲಾಸ್ ಪರೀಕ್ಷೆ, ಗಡಿಯಾರ, ಬಿಟ್ಟು ಹೋದವರ ಹೆಸರು ಅಳಿಸೋದು, ಇಷ್ಟನ್ನೂ ಮಾಡಿ ಸಹಿ ತಗೋಬೇಕು.

ಕೊನೆಗೆ ನಂಬಿಕೆ. ಊರಿನ ಎಷ್ಟೋ ಬಾಗಿಲುಗಳ ಗುಟ್ಟು ಈ ಒಬ್ಬರಿಗೆ ಗೊತ್ತಿರುತ್ತದೆ. ಕೆಲಸ ಮುಗಿದ ದಿನ ಮಾಲೀಕರ ಮುಂದೆಯೇ ಪಾಸ್‌ವರ್ಡ್ ಬದಲಿಸಿ, ಅವರ ಕೈಗೇ ಕೊಟ್ಟು, ತನ್ನ ಟೆಸ್ಟ್ ಕಾರ್ಡ್ ಅಳಿಸಿ ಬರುವವರನ್ನೇ ಮುಂದಿನ ಸಲ ಜನ ಕರೀತಾರ.

ನಾಳೆ ನೀವೇ ನೋಡ್ರಿ

ಕೇಳಿದವರಿಗೆ ಒಂದು ಸಣ್ಣ ಕೆಲಸ. ನಾಳೆ ನಿಮ್ಮ ಆಫೀಸ್, ಕಾಲೇಜು, ರೀಡಿಂಗ್ ರೂಮ್, ಹಾಸ್ಟೆಲ್ ಎಲ್ಲೇ ಕಾರ್ಡ್ ಅಥವಾ ಬೆರಳಿನ ಬಾಗಿಲು ಇದ್ದರೂ ಒಳಗೆ ನಿಂತು ನಾಲ್ಕು ಪ್ರಶ್ನೆ ಕೇಳ್ರಿ. ಎಕ್ಸಿಟ್ ಬಟನ್ ಐತಿಲ್ಲೋ? ಹಸಿರು ಬ್ರೇಕ್ ಗ್ಲಾಸ್ ಐತಿಲ್ಲೋ? ಕರೆಂಟ್ ಹೋದ್ರ ಈ ಬಾಗಿಲು ತೆರೀತದೋ ಇಲ್ಲೋ? ಅದನ್ನ ಕೊನೇ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಹಸಿರು ಡಬ್ಬಿಯನ್ನ ನೀವೇ ಒಡೆದು ನೋಡಬ್ಯಾಡ್ರಿ ಮತ್ತ, ಜವಾಬ್ದಾರಿ ಇದ್ದವರನ್ನ ಕೇಳ್ರಿ. ಉತ್ತರ "ಗೊತ್ತಿಲ್ಲ" ಅಂತ ಬಂದ್ರ, ಟೆಕ್ನಿಷಿಯನ್‌ಗೆ ಫೋನ್ ಮಾಡಾಕ ಹೇಳ್ರಿ.

ನಿಮ್ಮಲ್ಲಿ ಯಾರಾದರೂ ಈ ಕೆಲಸದಾಗ ಇದ್ರ ವಾಯ್ಸ್ ಮೆಸೇಜ್ ಕಳಿಸ್ರಿ, ನಾನು ಬಿಟ್ಟದ್ದನ್ನ ಸೇರಿಸೋಣ. ಮುಂದಿನ ಕಂತಿನಲ್ಲಿ ಲಿಫ್ಟ್ ರಿಪೇರಿ ಮಾಡೋರ ಬಗ್ಗೆ ಮಾತಾಡೋಣ. ಅಲ್ಲೀತನಕ, ಬರ್ತೀನ್ರಿ.